ಮುಖ ಉರಿ, ಮೊಡವೆ ಬಿಡುತ್ತಿಲ್ಲ. ತಿಂಗಳಿಗೆ 500 ರೂಪಾಯಿಯಲ್ಲಿ ಏನು ಹಚ್ಚಲಿ?

ಪೀಣ್ಯ_ಆಪರೇಟರ್:

ಎಲ್ಲರಿಗೂ ನಮಸ್ಕಾರ. ನನ್ನ ಊರು ಬ್ಯಾಡಗಿ ಹತ್ತಿರ. ಕೆಲಸ ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ, ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ, ಲೋಹ ಕೊರೆಯುವ ಮೆಷಿನ್) ಆಪರೇಟರ್. ವಯಸ್ಸು 23. ಪಿಯುಸಿಯಲ್ಲಿದ್ದಾಗ ಹಣೆ ಮೇಲೆ ಒಂದೆರಡು ಮೊಡವೆ ಇದ್ದವು, ತಲೆಗೆ ಹಚ್ಚಿಕೊಂಡಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಜಾಸ್ತಿಯಾಗಿದೆ. ಎರಡೂ ಕೆನ್ನೆ, ಗದ್ದ, ಹೆಲ್ಮೆಟ್ ಪಟ್ಟಿ ತಾಗುವ ಕಡೆ ಎಲ್ಲಾ ಗುಳ್ಳೆ. ಕೆಲವು ಕೀವು ತುಂಬಿ ನೋಯುತ್ತವೆ. ಹೋದ ಮೇಲೂ ಕಪ್ಪು ಕಲೆ ಉಳಿಯುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಉರಿ. ಏನು ಹಚ್ಚಿದರೂ ಚುರುಚುರು ಅನ್ನುತ್ತದೆ. ಬಿಸಿಲಿಗೆ ಹೋದರೆ ಸಾಕು, ಮುಖ ಕೆಂಪಗಾಗುತ್ತದೆ. "ಬ್ಯಾಡಗಿ ಮೆಣಸಿನಕಾಯಿ ಬಂತು ನೋಡ್ರಿ" ಅಂತ ಶಿಫ್ಟ್‌ನವರು ಕಾಡಿಸುತ್ತಾರೆ.

ಈಗ ಏನು ಮಾಡುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ಶಿಫ್ಟ್ ಮುಗಿದ ಮೇಲೆ ಕೈಗೆ ಹತ್ತಿದ ಕೂಲಂಟ್ (ಮೆಷಿನ್ ತಣ್ಣಗಿಡುವ ದ್ರವ), ಎಣ್ಣೆ ಹೋಗಲಿ ಅಂತ ನಲ್ಲಿ ಹತ್ತಿರ ಬಟ್ಟೆ ಸೋಪು ಇಟ್ಟಿರುತ್ತಾರೆ. ಅದರಲ್ಲೇ ಮುಖಕ್ಕೂ ಒಂದು ಕೈ. ರೂಮಿಗೆ ಬಂದ ಮೇಲೆ ಬೇವಿನ ಫೇಸ್‌ವಾಶ್. ಭಾನುವಾರ ಸ್ಕ್ರಬ್. ಸಲೂನ್‌ನಲ್ಲಿ ಶೇವ್ ಆದ ಮೇಲೆ ಪಟಿಕ ಉಜ್ಜುತ್ತಾರೆ. ರಾತ್ರಿ ರೂಮ್‌ಮೇಟ್ ಕೊಟ್ಟ ಒಂದು ಕ್ರೀಮ್. ಅದು ಹಚ್ಚಿದರೆ ಮಾತ್ರ ಮುಖ ತಣ್ಣಗಾಗುತ್ತದೆ, ಸ್ವಲ್ಪ ಬೆಳ್ಳಗೂ ಕಾಣುತ್ತದೆ. ಬಿಟ್ಟರೆ ಮತ್ತೆ ಕೆಂಪು.

ಯೂಟ್ಯೂಬ್‌ನಲ್ಲಿ ಸೀರಮ್, ಟೋನರ್, ಎಸೆನ್ಸ್ ಅಂತ ತೋರಿಸುತ್ತಾರೆ. ಒಂದೊಂದು ಬಾಟಲಿಯೇ 600 ರೂಪಾಯಿ. ಊರಿಗೆ ದುಡ್ಡು ಕಳಿಸಿ, ಬಾಡಿಗೆ ಕಟ್ಟಿ ಉಳಿಯುವುದರಲ್ಲಿ ಮುಖಕ್ಕೆ ಅಂತ 500ಕ್ಕಿಂತ ಜಾಸ್ತಿ ತೆಗೆಯಲು ಆಗಲ್ಲ. ಮೇ ತಿಂಗಳಲ್ಲಿ ತಂಗಿ ಮದುವೆ ಬೇರೆ. ಗೊತ್ತಿರುವವರು ಹೇಳಿ.

ಮಲ್ಲಿಗೆ_ಮನೆ:

ಕೆಮಿಕಲ್ ಎಲ್ಲಾ ಬಿಡಪ್ಪ. ಕಡಲೆಹಿಟ್ಟಿಗೆ ಕಸ್ತೂರಿ ಅರಿಶಿನ, ಮೊಸರು, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕಲಸಿಕೋ. ಮುಖಕ್ಕೆ ಹಚ್ಚಿ ಒಣಗಿದ ಮೇಲೆ ಉಜ್ಜಿ ತೊಳಿ. ನಮ್ಮ ಮನೆಯಲ್ಲಿ ಎಲ್ಲರೂ ಇದನ್ನೇ ಮಾಡಿಕೊಂಡು ಬಂದವರು. ರಾತ್ರಿ ತಲೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಹಾಕು, ಎಲ್ಲಾ ಉಷ್ಣ ಇಳಿಯುತ್ತದೆ.

ಗ್ಲೋ_ಗುರು:

ಬ್ರೋ, ಉರಿ ಅಂದರೆ ಸ್ಕಿನ್ ಬ್ಯಾರಿಯರ್, ಅಂದರೆ ಚರ್ಮ ಕಾಪಾಡುವ ಮೇಲ್ಪದರ, ಹಾಳಾಗಿದೆ ಅಂತ ಅರ್ಥ. ಬೆಳಿಗ್ಗೆ ವಿಟಮಿನ್ ಸಿ, ಆಮೇಲೆ ನಿಯಾಸಿನಮೈಡ್ 10 ಪರ್ಸೆಂಟ್. ರಾತ್ರಿ ಸ್ಯಾಲಿಸಿಲಿಕ್ ಸೀರಮ್, ಮೇಲೆ ರೆಟಿನಾಲ್. ವಾರಕ್ಕೊಮ್ಮೆ ಎಎಚ್‌ಎ ಪೀಲ್. ಆಫರ್‌ನಲ್ಲಿ ಕಾಂಬೊ ತಗೊಂಡರೆ 1,500ಕ್ಕೆ ಬರುತ್ತದೆ.

ತುಮಕೂರು_ಮೆಡಿಕಲ್:

ತಮ್ಮ, ನಾನು ತುಮಕೂರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಓದಿರುವುದು ಡಿ.ಫಾರ್ಮಾ, ಡಾಕ್ಟರ್ ಅಲ್ಲ. ನೀನು ಬರೆದಿದ್ದರಲ್ಲಿ ನನಗೆ ಮೊಡವೆಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಆ ರೂಮ್‌ಮೇಟ್ ಕ್ರೀಮು. ಹಚ್ಚಿದರೆ ತಣ್ಣಗೆ, ಬಿಟ್ಟರೆ ಕೆಂಪು. ಕೌಂಟರ್ ಹಿಂದೆ ನಿಂತು ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಅದಕ್ಕೇ ಬೇರೆ ಏನೂ ಖರೀದಿ ಮಾಡುವ ಮೊದಲು ಆ ಟ್ಯೂಬ್ ಕೈಗೆ ತಗೋ. ಮುಂದುಗಡೆ ಇರುವ ದೊಡ್ಡ ಹೆಸರು ಬಿಟ್ಟುಬಿಡು, ಹೆಸರಿನಲ್ಲಿ ಏನೂ ಗೊತ್ತಾಗಲ್ಲ. ತಿರುಗಿಸಿ ನೋಡು. ಅರ್ಧ ಖಾಲಿಯಾಗಿ ಬಾಲ ಸುತ್ತಿಟ್ಟಿದ್ದರೆ ಬಿಚ್ಚು, ಸಣ್ಣ ಅಕ್ಷರ ಆ ಮಡಿಕೆಯೊಳಗೇ ಸಿಕ್ಕಿಕೊಂಡಿರುತ್ತದೆ. ಕಾಂಪೊಸಿಷನ್ ಅಂತ ಇರುವ ಕಡೆ ಮೊಬೈಲ್ ಕ್ಯಾಮೆರಾ ಹಿಡಿದು ಜೂಮ್ ಮಾಡು. ಕ್ಲೋಬೆಟಾಸೋಲ್, ಬೀಟಾಮೆಥಸೋನ್, ಮೊಮೆಟಾಸೋನ್, ಫ್ಲುಒಸಿನೊಲೋನ್, ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಅದು ಸ್ಟೀರಾಯ್ಡ್. ಅದರಲ್ಲಿ ಏನು ಬರೆದಿದೆ ಅಂತ ಇಲ್ಲಿ ಹಾಕು. ಹೇಗೆ ನಿಲ್ಲಿಸಬೇಕು ಅನ್ನುವುದು ಆಮೇಲೆ ಮಾತಾಡೋಣ.

ಇನ್ನು ಮೇಲಿನ ಇಬ್ಬರಿಗೆ. ಮಲ್ಲಿಗೆ ಮನೆಯವರೇ, ಬೇಜಾರು ಮಾಡಿಕೊಳ್ಳಬೇಡಿ. ಕಡಲೆಹಿಟ್ಟಿನಲ್ಲಿ ತಪ್ಪೇನಿಲ್ಲ, ಒಣಗಿಸಿ ಉಜ್ಜುವುದರಲ್ಲಿ ಇದೆ. ಕೀವಿರುವ ಮೊಡವೆ ಮೇಲೆ ಉಜ್ಜಿದರೆ ಗಾಯ, ಗಾಯ ಆದರೆ ಕಲೆ. ನಿಂಬೆರಸ ಮಾತ್ರ ಮುಖಕ್ಕೆ ಬೇಡವೇ ಬೇಡ. ನಮ್ಮ ಚರ್ಮದ ಪಿಎಚ್ (ಹುಳಿಯ ಅಳತೆ, ನಂಬರ್ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5, ನಿಂಬೆಯದು 2ರ ಆಸುಪಾಸು. ಅಷ್ಟು ಹುಳಿಗೇ ಚರ್ಮ ಉರಿಯುತ್ತದೆ. ಸಾಲದ್ದಕ್ಕೆ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಬೊಬ್ಬೆ ಬಂದು ಕಪ್ಪಾಗಬಹುದು. ಕೊಬ್ಬರಿ ಎಣ್ಣೆ ತಲೆಗೆ ಒಳ್ಳೆಯದೇ. ಆದರೆ ಮೊಡವೆ ಇರುವವರು ಎಣ್ಣೆ ಹಚ್ಚಿ ಮಲಗಿದರೆ ಅದು ಹಣೆಗೆ ಇಳಿದು, ದಿಂಬಿಗೆ ಹತ್ತಿ, ದಿಂಬಿನಿಂದ ಕೆನ್ನೆಗೆ ಬರುತ್ತದೆ. ಹಚ್ಚಲೇಬೇಕು ಅಂದರೆ ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಲಿ.

ಗ್ಲೋ ಗುರು, ನಿಮ್ಮ ಪಟ್ಟಿಯಲ್ಲಿರುವುದು ಕೆಲಸ ಮಾಡದ ವಸ್ತುಗಳಲ್ಲ. ಆದರೆ ಬ್ಯಾರಿಯರ್ ಹಾಳಾಗಿದೆ ಅಂತ ಹೇಳಿದ ಬಾಯಲ್ಲೇ ಐದು ಥರ ವಸ್ತು ಹೇಳಿದಿರಲ್ಲ! ಉರಿಯುವ ಮುಖಕ್ಕೆ ಇಷ್ಟು ಒಟ್ಟಿಗೆ ಹಾಕಿದರೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಅಂತ ದೇವರಿಗೂ ಗೊತ್ತಾಗಲ್ಲ.

ತಮ್ಮ, ನಿನಗೆ ಬೇಕಾಗಿರುವುದು ಸದ್ಯಕ್ಕೆ ಮೂರೇ. ತೊಳೆಯಲು ಒಂದು, ಹಚ್ಚಲು ಒಂದು, ಬಿಸಿಲಿಗೆ ಒಂದು. ಮೊಡವೆ ಔಷಧಿ ಆಮೇಲೆ.

ತೊಳೆಯುವುದರಿಂದಲೇ ಶುರು ಮಾಡೋಣ, ಯಾಕೆಂದರೆ ನಿನ್ನ ಅರ್ಧ ತೊಂದರೆ ಆ ನಲ್ಲಿ ಹತ್ತಿರ ಇದೆ. ಬಟ್ಟೆ ಸೋಪು ಬಟ್ಟೆಗೆ. ಮೈಗೆ ಹಚ್ಚುವ ಮಾಮೂಲಿ ಸೋಪಿನದೇ ಪಿಎಚ್ 9, 10 ಇರುತ್ತದೆ. ಬಟ್ಟೆ ಸೋಪು ಚರ್ಮದಲ್ಲಿರುವ ಎಣ್ಣೆಯನ್ನೆಲ್ಲಾ ಎಳೆದು ಹಾಕುತ್ತದೆ. ಮುಖ ಬಿಗಿಬಿಗಿ ಅನ್ನಿಸಿದರೆ 'ಕ್ಲೀನ್ ಆಯ್ತು' ಅಂದುಕೊಳ್ಳುತ್ತೇವೆ. ಆಗಿರುವುದು ಕ್ಲೀನ್ ಅಲ್ಲ, ಒಣಗಿರುವುದು. ಆ ಒಣಗಿದ ಚರ್ಮದ ಮೇಲೆ ಬೇರೆ ಏನೇ ಹಚ್ಚಿದರೂ ಉರಿಯದೇ ಇನ್ನೇನು? ಕೈಗೆ ಬೇಕಾದರೆ ಆ ಸೋಪು ಹಾಕು. ಮುಖಕ್ಕೆ ಅಲ್ಲಿ ಬರೀ ನೀರು. ರೂಮಿಗೆ ಬಂದ ಮೇಲೆ ಸೋಪ್-ಫ್ರೀ ಅಂತ ಬರೆದಿರುವ, ವಾಸನೆ ಇಲ್ಲದ, ನೊರೆ ಕಡಿಮೆ ಬರುವ ಕ್ಲೆನ್ಸರ್. ಸೆಟಾಫಿಲ್ ಥರದ್ದು. ಅದೇ ಜಾತಿಯದ್ದು ಕಡಿಮೆ ಬೆಲೆಗೆ ಬೇರೆ ಕಂಪನಿಯವೂ ಇವೆ, ಸಣ್ಣ ಬಾಟಲಿ ಕೇಳು. ಬೇವು, ಪುದೀನ, ಟೀ ಟ್ರೀ, ಮೆಂಥಾಲ್ ಇರುವುದು ಸದ್ಯಕ್ಕೆ ಬೇಡ. ಸ್ಕ್ರಬ್ ಅಂತೂ ಇವತ್ತೇ ಬಿಡು.

ಇನ್ನೊಂದು ಕೇಳಬೇಕು. ಬೆವರು ಒರೆಸಲು ಏನು ಬಳಸುತ್ತೀಯ? ನಮ್ಮ ಯಜಮಾನರು ಮೊದಲು ವರ್ಕ್‌ಶಾಪ್‌ನಲ್ಲಿದ್ದವರು, ಅದಕ್ಕೇ ಕೇಳುತ್ತಿದ್ದೇನೆ. ಮೆಷಿನ್ ಒರೆಸುವ ಕಾಟನ್ ವೇಸ್ಟ್‌ನಲ್ಲೇ ಮುಖ ಒರೆಸುತ್ತಿದ್ದರೆ ಅದರಲ್ಲಿ ಎಣ್ಣೆ ಜೊತೆ ಕಬ್ಬಿಣದ ಸಣ್ಣ ಚೂರೂ ಇರುತ್ತದೆ. ಕಟಿಂಗ್ ಆಯಿಲ್ ಚರ್ಮದ ರಂಧ್ರ ಮುಚ್ಚಿದರೆ ಅಲ್ಲೇ ಗುಳ್ಳೆ ಏಳುತ್ತದೆ, ಮುಂಗೈಯಲ್ಲಿ, ತೊಡೆಯಲ್ಲಿ ಕೂಡ. ಜೇಬಿನಲ್ಲಿ ಒಂದು ಹಳೇ ಕಾಟನ್ ಕರ್ಚೀಫ್ ಇಟ್ಟುಕೋ, ದಿನಾ ಒಗಿ. ಹೆಲ್ಮೆಟ್ ಪಟ್ಟಿಗೂ ಅದೇ ಮಾತು. ಬಿಚ್ಚಲು ಬರುವ ಲೈನಿಂಗ್ ಆದರೆ ವಾರಕ್ಕೊಮ್ಮೆ ಒಗೆದು ಒಣಗಿಸು.

ಹಚ್ಚಲು ಮಾಯಿಶ್ಚರೈಸರ್. ಮೊಡವೆ ಮುಖಕ್ಕೆ ಇದು ಬೇಡ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೇಕು. ಅದರಲ್ಲೂ ಮುಂದೆ ಮೊಡವೆ ಔಷಧಿ ಹಚ್ಚುವವನಿಗೆ ಬೇಕೇ ಬೇಕು. ತೆಳು ಜೆಲ್ ಅಥವಾ ಲೋಷನ್ ತಗೋ, ಗ್ಲಿಸರಿನ್ ಇರುವುದು. ದುಡ್ಡೇ ಇಲ್ಲ ಅಂದರೆ ಮೆಡಿಕಲ್‌ನಲ್ಲಿ ಬರೀ ಗ್ಲಿಸರಿನ್ ಸಣ್ಣ ಬಾಟಲಿ 100 ರೂಪಾಯಿ ಒಳಗೇ ಸಿಗುತ್ತದೆ. ಮುಖ ತೊಳೆದು ಇನ್ನೂ ಒದ್ದೆ ಇರುವಾಗಲೇ ಎರಡು ಹನಿಗೆ ನೀರು ಬೆರೆಸಿ ಸವರು. ಹಾಗೇ ಹಚ್ಚಿದರೆ ಅಂಟಂಟು. ರೋಸ್ ವಾಟರ್ ಬೆರೆಸಬೇಡ, ಅದರ ಸುವಾಸನೆಯೇ ಕೆಲವರಿಗೆ ಆಗಲ್ಲ.

ಡಬ್ಬಿ ಮೇಲೆ 'ನಾನ್-ಕಾಮೆಡೋಜೆನಿಕ್' (ಚರ್ಮದ ರಂಧ್ರ ಮುಚ್ಚಲ್ಲ ಅಂತ ಅರ್ಥ) ಅಂತ ಇರುವುದನ್ನು ನೋಡಿ ತಗೋ, ಆದರೆ ಅದೇ ಗ್ಯಾರಂಟಿ ಅಂತ ಅಲ್ಲ. ಹಾಗೆ ಬರೆಯುವುದು ಕಂಪನಿಯವರೇ. 'ಅನ್‌ಸೆಂಟೆಡ್' ಅಂದರೂ ವಾಸನೆ ಮುಚ್ಚಲು ಬೇರೆ ವಾಸನೆ ಹಾಕಿರಬಹುದು. 'ಫ್ರೇಗ್ರೆನ್ಸ್-ಫ್ರೀ' ಅಂತ ಇರಬೇಕು, ಹಿಂದುಗಡೆ ಪಟ್ಟಿಯಲ್ಲಿ ಪರ್ಫ್ಯೂಮ್ ಅನ್ನುವ ಮಾತು ಇರಬಾರದು. ಏನೇ ಹೊಸದು ತಂದರೂ ಮೊದಲು ಕಿವಿ ಹಿಂದೆ, ದವಡೆ ಹತ್ತಿರ ಕೆಲವು ದಿನ ಹಚ್ಚಿ ನೋಡು. ಒಂದು ಒಗ್ಗಿತು ಅಂತ ಆದ ಮೇಲೆ ಇನ್ನೊಂದು.

ಬಿಸಿಲಿಗೆ ಸನ್‌ಸ್ಕ್ರೀನ್. ಇದು ಬೆಳ್ಳಗಾಗಲು ಅಲ್ಲ. ಮೊಡವೆ ಬಿಟ್ಟುಹೋದ ಕಪ್ಪು ಕಲೆ ಬಿಸಿಲಿಗೆ ಇನ್ನೂ ಕಪ್ಪಾಗುತ್ತದೆ, ಹೋಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಡಬ್ಬಿ ಮೇಲೆ ಬಿಸಿಲು ತಡೆಯುವ ಅಳತೆ ಬರೆದಿರುತ್ತಾರೆ, ಎಸ್‌ಪಿಎಫ್ 30 ಅಥವಾ 50, ಪಿಎ ಮುಂದೆ ಮೂರು ಪ್ಲಸ್ ಇರಲಿ. ಉರಿಯುವ ಮುಖಕ್ಕೆ ಜಿಂಕ್ ಆಕ್ಸೈಡ್ ಇರುವುದು ಒಗ್ಗುವ ಸಾಧ್ಯತೆ ಜಾಸ್ತಿ, ಸ್ವಲ್ಪ ಬಿಳಿ ಬಿಳಿ ಕಾಣುತ್ತದೆ ಅಷ್ಟೇ. ತೋರುಬೆರಳು, ನಡುಬೆರಳು, ಎರಡರ ಉದ್ದಕ್ಕೂ ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಮುಖಕ್ಕೂ ಕತ್ತಿಗೂ ಬೇಕು. ಕಡಲೆಕಾಳಷ್ಟು ಹಚ್ಚಿದರೆ ಡಬ್ಬಿ ಮೇಲಿನ ನಂಬರ್ ಸುಮ್ನೆ.

ಬೆಲೆ ಹೆಚ್ಚು ಬೀಳುವುದು ಸನ್‌ಸ್ಕ್ರೀನ್‌ಗೇ, 300–400 ಆಗುತ್ತದೆ. ಕ್ಲೆನ್ಸರ್, ಲೋಷನ್ ಒಂದು ಸಲ ತಂದರೆ ಎರಡು ತಿಂಗಳು ಬರುತ್ತವೆ. ಹಾಗಾಗಿ ಮೊದಲ ತಿಂಗಳು ಕ್ಲೆನ್ಸರ್ ಮತ್ತು ಲೋಷನ್, ಮುಂದಿನ ತಿಂಗಳು ಸನ್‌ಸ್ಕ್ರೀನ್. ಅಲ್ಲಿವರೆಗೆ ಟೋಪಿ. ನಿನ್ನ 500ರಲ್ಲಿ ಆಗುತ್ತದೆ.

ಟ್ಯೂಬ್ ಫೋಟೋ ಮರೀಬೇಡ.

ಪೀಣ್ಯ_ಆಪರೇಟರ್:

ಅಕ್ಕ, ನೀವು ಕಾಟನ್ ವೇಸ್ಟ್ ಅಂದಾಗ ನಗು ಬಂತು. ಹೌದು, ಅದರಲ್ಲೇ ಒರೆಸುವುದು. ಇಡೀ ಲೈನ್‌ನಲ್ಲಿ ಎಲ್ಲರೂ ಹಾಗೇ.

ಟ್ಯೂಬ್ ನೋಡಿದೆ. ನೀವು ಹೇಳಿದ ಹಾಗೇ ಮಡಿಕೆಯೊಳಗೆ ಇತ್ತು. ಕ್ಲೋಬೆಟಾಸೋಲ್ ಪ್ರೊಪಿಯೊನೇಟ್, ಓಫ್ಲಾಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್ ಅಂತ ನಾಲ್ಕು ಹೆಸರು ಇವೆ. ಎಡಗಡೆ ಆರ್‌ಎಕ್ಸ್ ಅಂತಲೂ ಇದೆ. ರೂಮ್‌ಮೇಟ್ ತೊಡೆಸಂದಿಯ ತುರಿಕೆಗೆ ಅಂತ ತಂದಿದ್ದನಂತೆ. ವಾಸಿಯಾಯ್ತು, ಮುಖಕ್ಕೂ ಹಚ್ಚಿದ, ಬೆಳ್ಳಗಾಯ್ತು, ನನಗೂ ಕೊಟ್ಟ. ಗಣೇಶ ಹಬ್ಬದಿಂದ ಹಚ್ಚುತ್ತಿದ್ದೇನೆ. ಈಗ ಪೂರ್ತಿ ನಿಲ್ಲಿಸಿಬಿಡಲೇ?

ತುಮಕೂರು_ಮೆಡಿಕಲ್:

ಅಂದುಕೊಂಡಿದ್ದೇ ಆಯ್ತು. ಕ್ಲೋಬೆಟಾಸೋಲ್ ಅಂದರೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಜೋರಿನ ಗುಂಪಿನದು. ಅಂಗಾಲಿನಲ್ಲಿ, ಮೊಣಕೈಯಲ್ಲಿ ದಪ್ಪಗಟ್ಟಿದ ಚರ್ಮಕ್ಕೆ ಡಾಕ್ಟರ್ ಲೆಕ್ಕ ಹಾಕಿ ಕೆಲವು ದಿನಕ್ಕೆ ಕೊಡುವಂಥದ್ದು. ಮುಖದ ಚರ್ಮ ತೆಳು. ಹಚ್ಚಿದ ತಕ್ಷಣ ರಕ್ತನಾಳ ಕುಗ್ಗುತ್ತದೆ, ಅದಕ್ಕೇ ಕೆಂಪು ಮಾಯ, ಉರಿ ಮಾಯ, ಮುಖ ಬೆಳ್ಳಗೆ. ಔಷಧಿ ಇಳಿದ ಮೇಲೆ ನಾಳಗಳು ಮೊದಲಿಗಿಂತ ಜಾಸ್ತಿ ಹಿಗ್ಗುತ್ತವೆ. ಮತ್ತೆ ಹಚ್ಚುತ್ತೀಯ. ಹೀಗೇ ನಡೆಯುತ್ತಾ ಹೋದರೆ ಚರ್ಮ ಇನ್ನಷ್ಟು ತೆಳ್ಳಗಾಗುತ್ತದೆ, ಸಣ್ಣ ಸಣ್ಣ ನರ ಕಾಣಿಸುತ್ತವೆ, ಕೂದಲು ಬೆಳೆಯುತ್ತದೆ, ಮತ್ತೆ ಮೊಡವೆ ಏಳುತ್ತದೆ. ಸ್ಟೀರಾಯ್ಡ್‌ನಿಂದಲೇ ಮೊಡವೆ ಬರುತ್ತದೆ, ಗೊತ್ತಿರಲಿ. ನಿನ್ನ ಗುಳ್ಳೆಗಳಲ್ಲಿ ಎಷ್ಟು ಹಳೇ ಮೊಡವೆ, ಎಷ್ಟು ಈ ಕ್ರೀಮಿನದು ಅಂತ ಇಲ್ಲಿ ಕೂತು ಹೇಳಲು ಆಗಲ್ಲ.

ರೂಮ್‌ಮೇಟ್‌ದೂ ವಾಸಿಯಾಗಿರುವುದು ಅನುಮಾನ. ತೊಡೆಸಂದಿಯ ಆ ತುರಿಕೆ ಹುಳುಕಡ್ಡಿ ಇರಬಹುದು. ಹುಳುಕಡ್ಡಿಗೆ ಸ್ಟೀರಾಯ್ಡ್ ಬಿದ್ದರೆ ಕೆಂಪು, ತುರಿಕೆ ಇಳಿಯುತ್ತದೆ, ಹುಳುಕಡ್ಡಿ ಒಳಗೊಳಗೇ ಹರಡುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳನ್ನು, ಹಚ್ಚುವ ಮುಲಾಮಾದರೂ ಸರಿ, ಶೆಡ್ಯೂಲ್ ಎಚ್‌ಗೆ ಸೇರಿಸಿತು. ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ನೀನು ನೋಡಿದ ಆರ್‌ಎಕ್ಸ್ ಅದೇ. ಆದರೂ ಹೇಗೆ ಸಿಗುತ್ತದೆ ಅಂತ ಕೇಳಬೇಡ. ನಾನು ಚೀಟಿ ಕೇಳಿದರೆ "ನೀವು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡ್ತಾನೆ ಬಿಡಿ" ಅಂತ ಹೋಗುವವರು ಇದ್ದಾರೆ. ಖಾಲಿ ಟ್ಯೂಬಿನ ಬಾಲ ಕತ್ತರಿಸಿ ತಂದು "ಇದೇ ಕೊಡಿ" ಅನ್ನುವವರಿದ್ದಾರೆ. ಒಬ್ಬರಂತೂ ಮಗಳ ನಾಮಕರಣಕ್ಕೆ ಬಂದ ನೆಂಟರಿಗೆಲ್ಲಾ ಕೊಡಲು ಒಂದು ಡಜನ್ ಕೇಳಿದರು.

ಪೂರ್ತಿ ನಿಲ್ಲಿಸಲೇ ಅಂತ ಕೇಳಿದೆಯಲ್ಲ. ನಿಲ್ಲಿಸಬೇಕು, ಆದರೆ ಒಬ್ಬನೇ ಕೂತು ಅಲ್ಲ. ಇಷ್ಟು ತಿಂಗಳು ಹಚ್ಚಿದವರು ಒಮ್ಮೆಲೇ ಬಿಟ್ಟರೆ ಮುಖ ಕೆಲವು ವಾರ ಈಗಿನದಕ್ಕಿಂತ ಕೆಟ್ಟದಾಗಬಹುದು. ಹೆದರಿ ಮತ್ತೆ ಅದೇ ಟ್ಯೂಬ್ ಹುಡುಕುತ್ತಾರೆ. ಕೆಲವರಿಗೆ ಡಾಕ್ಟರ್ ಕಡಿಮೆ ಜೋರಿನದಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಕೆಲವರಿಗೆ ಒಂದೇ ಸಲ ನಿಲ್ಲಿಸಿ ಉರಿಗೆ ಬೇರೆ ಔಷಧಿ ಕೊಡುತ್ತಾರೆ. ಅದು ಮುಖ ನೋಡಿ ತೀರ್ಮಾನಿಸುವ ವಿಷಯ.

ದುಡ್ಡಿನ ಚಿಂತೆ ಬೇಡ. ನಿನ್ನ ಪೇ ಸ್ಲಿಪ್ ತೆಗೆದು ನೋಡು. ಸಂಬಳ 21,000 ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ವಿಮೆ) ಅಂತ 0.75 ಪರ್ಸೆಂಟ್ ಹಿಡಿದಿರುತ್ತಾರೆ. ಆ ದುಡ್ಡು ಇದಕ್ಕೇ. ನಿನ್ನ ಕಾರ್ಡ್‌ನಲ್ಲಿ ಬರೆದಿರುವ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಸ್ಕಿನ್ ಡಾಕ್ಟರಿಗೆ ಬರೆದುಕೊಡಿ ಅಂತ ಕೇಳು. ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆ ಇದೆ, ರಾಜಾಜಿನಗರದಲ್ಲಿ ಇಎಸ್‌ಐ ಮೆಡಿಕಲ್ ಕಾಲೇಜೇ ಇದೆ. ನೋಡುವುದಕ್ಕೂ ಔಷಧಿಗೂ ಕಾಸಿಲ್ಲ. ಕ್ಯೂ ಇರುತ್ತದೆ, ಸೆಕೆಂಡ್ ಶಿಫ್ಟ್ ಇರುವ ವಾರ ಬೆಳಿಗ್ಗೆಯೇ ಹೋಗು. ಟ್ಯೂಬ್ ಜೊತೆಗೆ ತಗೊಂಡು ಹೋಗು. ಮುಚ್ಚಿಡಬೇಡ, ಅವರಿಗೆ ಇದು ಹೊಸದಲ್ಲ.

ಮತ್ತೆ ಬ್ಯೂಟಿ ಪಾರ್ಲರ್ ಬೋರ್ಡಿನಲ್ಲಿ 'ಸ್ಕಿನ್ ಕ್ಲಿನಿಕ್' ಅಂತ ಇದ್ದ ಮಾತ್ರಕ್ಕೆ ಒಳಗೆ ಚರ್ಮದ ಡಾಕ್ಟರ್ ಇರುತ್ತಾರೆ ಅಂತ ಅಲ್ಲ. ಎಂಬಿಬಿಎಸ್ ಆದ ಮೇಲೆ ಎಂಡಿ ಡರ್ಮಟಾಲಜಿ (ಚರ್ಮರೋಗ), ಡಿಡಿವಿಎಲ್ ಅಥವಾ ಡರ್ಮಟಾಲಜಿಯಲ್ಲೇ ಡಿಎನ್‌ಬಿ ಥರದ ಓದು ಇರಬೇಕು.

ಕುಡ್ಲದ_ಸೆಕೆ:

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನನಗೂ ಹಣೆ, ಎದೆ, ಬೆನ್ನಿನ ಮೇಲೆ ಸಣ್ಣ ಗುಳ್ಳೆ ಇದ್ದವು. ಮೊಡವೆ ಅಂತ ಮೊಡವೆ ಜೆಲ್ ಹಚ್ಚಿದೆ, ಏನೂ ಆಗಲಿಲ್ಲ. ಎಲ್ಲಾ ಒಂದೇ ಸೈಜ್, ಬೆವರಿದಾಗ ವಿಪರೀತ ತುರಿಕೆ. ಕೊನೆಗೆ ಡಾಕ್ಟರ್ ಹೇಳಿದ್ದು, ಇದು ಮೊಡವೆಯೇ ಅಲ್ಲ, ಕೂದಲಿನ ಬುಡದಲ್ಲಿ ಆಗುವ ಫಂಗಸ್ ಅಂತ. ಕೆಟೊಕೊನಜೋಲ್ ಶಾಂಪೂವನ್ನು ಮೈಗೆ ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆಯಲು ಹೇಳಿದರು. ಕಡಿಮೆಯಾಯ್ತು. ಮಂಗಳೂರಿನ ಸೆಕೆಗೆ ಇದು ಮಾಮೂಲಂತೆ. ತುರಿಕೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹಾಸನದ_ಟೀಚರ್:

ಓದುತ್ತಾ ಓದುತ್ತಾ ನಾನೂ ನನ್ನ ಟ್ಯೂಬ್ ತಿರುಗಿಸಿದೆ. ನನಗಿರುವುದು ಬಂಗು, ಎರಡೂ ಕೆನ್ನೆ ಮೇಲೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತ ಇದೆ. ಡಾಕ್ಟರೇ ಬರೆದಿದ್ದು, ಎರಡು ವರ್ಷದ ಹಿಂದೆ. ಈಗಲೂ ಹಚ್ಚುತ್ತಿದ್ದೇನೆ. ಇದೂ ಅದೇನಾ ಮೇಡಂ? ಜೊತೆಗೆ ನನ್ನ ಮಗಳು ಈಗ ನಾಲ್ಕು ತಿಂಗಳ ಬಸುರಿ, ಅವಳಿಗೂ ಮೊಡವೆ ಜಾಸ್ತಿಯಾಗಿದೆ. ಅವಳು ಏನು ಹಚ್ಚಬಹುದು?

ತುಮಕೂರು_ಮೆಡಿಕಲ್:

ಟೀಚರ್, ಬಂಗಿಗೆ ಆ ಮೂರರ ಕ್ರೀಮ್ ಕೊಡುವುದು ಸರಿಯೇ. ಆದರೆ ಅದು ಕೆಲವು ವಾರದ ಲೆಕ್ಕದ್ದು. ಚೀಟಿಯಲ್ಲಿ ಎಷ್ಟು ದಿನ ಅಂತ ಬರೆದಿರುತ್ತಾರೆ, ಆ ಸಾಲು ಯಾರೂ ಓದಲ್ಲ. ಅದೇ ಡಾಕ್ಟರಿಗೆ ಒಮ್ಮೆ ತೋರಿಸಿ, ಎರಡು ವರ್ಷ ಹಚ್ಚಿದೆ ಅಂತ ಹೇಳಿ. ಬಂಗಿಗೆ ಏನೇ ಹಚ್ಚಿದರೂ ಸನ್‌ಸ್ಕ್ರೀನ್ ಇಲ್ಲದಿದ್ದರೆ ನೀರಲ್ಲಿ ಹೋಮ.

ಮಗಳಿಗೆ ಅಡಾಪಲೀನ್, ಟ್ರೆಟಿನಾಯಿನ್, ರೆಟಿನಾಲ್ ಥರದ ಹಚ್ಚುವ ಮೊಡವೆ ಔಷಧಿ ಯಾವುದೂ ಬೇಡ. ಐಸೊಟ್ರೆಟಿನಾಯಿನ್ ಮಾತ್ರೆ ಅಂತೂ ಮಗುವಿಗೆ ಅಪಾಯ, ಹತ್ತಿರವೂ ಬರಬಾರದು. ಬಸುರಿಯರಿಗೆ ಡಾಕ್ಟರ್‌ಗಳು ಸಾಮಾನ್ಯವಾಗಿ ಅಜೆಲಿಕ್ ಆಸಿಡ್ ಬರೆಯುತ್ತಾರೆ. ಮೊಡವೆಗೂ ಆಗುತ್ತದೆ, ಕಲೆಗೂ ಆಗುತ್ತದೆ. ಅವಳ ಲೇಡಿ ಡಾಕ್ಟರನ್ನು ಕೇಳಿ ತಗೊಳ್ಳಿ.

ಪೀಣ್ಯ_ಆಪರೇಟರ್:

ಅಕ್ಕ, ಹೋಗಿ ಬಂದೆ. ರಾಜಾಜಿನಗರಕ್ಕೆ ಬರೆದುಕೊಟ್ಟರು, ಪೀಣ್ಯದಿಂದ ಮೆಟ್ರೋ ಹಿಡಿದು ಹೋದೆ. ಡಾಕ್ಟರ್ ಮೇಡಂ ಟ್ಯೂಬ್ ನೋಡಿ ಬೈಯಲಿಲ್ಲ, ಪಕ್ಕದಲ್ಲಿದ್ದ ಸ್ಟೂಡೆಂಟ್‌ಗಳನ್ನು ಕರೆದು ನನ್ನ ಕೆನ್ನೆ ತೋರಿಸಿದರು! ಕ್ರೀಮ್ ನಿಲ್ಲಿಸಿ, ಉರಿಗೆ ಒಂದು ಮುಲಾಮು ಕೊಟ್ಟಿದ್ದಾರೆ. ಡಾಕ್ಸಿಸೈಕ್ಲಿನ್ ಅಂತ ಮಾತ್ರೆ. ಉರಿ ಇಳಿದ ಮೇಲೆ ಹಚ್ಚಲು ಬೆಂಜೋಯಿಲ್ ಪೆರಾಕ್ಸೈಡ್ 2.5 ಜೆಲ್, ಅದು ಒಗ್ಗಿದರೆ ಮುಂದಿನ ಸಲ ಅಡಾಪಲೀನ್ ಕೊಡುತ್ತೇನೆ ಅಂದಿದ್ದಾರೆ.

ಮೊದಲ ವಾರ ನೀವು ಹೇಳಿದ ಹಾಗೇ ಆಯ್ತು. ಕನ್ನಡಿ ನೋಡಲು ಆಗದಷ್ಟು ಕೆಂಪು. ರಾತ್ರಿ ನಿದ್ದೆ ಇಲ್ಲ. ಈಗ ಪರವಾಗಿಲ್ಲ. ಮುಖಕ್ಕೆ ಬರೀ ನೀರು, ಆಮೇಲೆ ಲೋಷನ್. ಕರ್ಚೀಫ್ ಇಟ್ಟುಕೊಂಡಿದ್ದಕ್ಕೆ ಲೈನ್‌ನಲ್ಲಿ "ಏನ್ ಹೀರೋ" ಅಂತಾರೆ. ಜೆಲ್ ಹೇಗೆ ಹಚ್ಚುವುದು ಅಂತ ಕೇಳಲು ಮರೆತೆ. ಗಡ್ಡ ಏನು ಮಾಡಲಿ? ಮದುವೆಗೆ ಬ್ಲೀಚ್ ಮಾಡಿಸಿಕೋ ಅಂತ ಸಲೂನ್‌ನವರು ಹೇಳುತ್ತಿದ್ದಾರೆ.

ತುಮಕೂರು_ಮೆಡಿಕಲ್:

ಒಳ್ಳೆಯ ಸುದ್ದಿ. ಮಾತ್ರೆಯದು ಮೊದಲು ಕೇಳು. ಊಟ ಆದ ಮೇಲೆ, ಒಂದು ಲೋಟ ತುಂಬಾ ನೀರಿನ ಜೊತೆ ನುಂಗು. ನುಂಗಿದ ತಕ್ಷಣ ಮಲಗಬೇಡ, ಗಂಟಲಲ್ಲಿ ಸಿಕ್ಕಿಕೊಂಡರೆ ಎದೆ ಉರಿ ಕೇಳಬೇಡ. ಹಾಲು, ಕಬ್ಬಿಣದ ಮಾತ್ರೆ, ಗ್ಯಾಸ್‌ನ ಸಿರಪ್ ಜೊತೆಗೆ ಬೇಡ, ನಡುವೆ ಎರಡು ಗಂಟೆ ಬಿಡು. ಇದು ತಗೊಳ್ಳುವಾಗ ಬಿಸಿಲು ಬೇಗ ಸುಡುತ್ತದೆ, ಹಾಗಾಗಿ ಸನ್‌ಸ್ಕ್ರೀನ್ ಈ ತಿಂಗಳೇ ತಗೋ.

ಜೆಲ್ ಹಚ್ಚಲು ಅವಸರ ಮಾಡಬೇಡ. ಮೇಡಂ ಶುರು ಮಾಡು ಅಂದ ಮೇಲೆ ಒಂದು ದಿನ ಬಿಟ್ಟು ಒಂದು ದಿನ. ಮುಖ ತೊಳೆದು ಪೂರ್ತಿ ಒಣಗಲಿ, ಒದ್ದೆ ಮುಖಕ್ಕೆ ಹಚ್ಚಿದರೆ ಚುರುಗುಟ್ಟುತ್ತದೆ. ಬಟಾಣಿ ಕಾಳಷ್ಟು ಇಡೀ ಮುಖಕ್ಕೆ ಸಾಕು. ಬರೀ ಗುಳ್ಳೆ ಮೇಲೆ ಚುಕ್ಕಿ ಇಡುವುದಲ್ಲ, ಮೊಡವೆ ಏಳುವ ಜಾಗಕ್ಕೆಲ್ಲಾ ತೆಳ್ಳಗೆ. ಮೂಗಿನ ಪಕ್ಕ, ತುಟಿ ಅಂಚು, ಕಣ್ಣ ಕೆಳಗೆ ಬಿಡು. ತಡೆಯಲು ಆಗದಿದ್ದರೆ ಕೆಲವು ನಿಮಿಷ ಬಿಟ್ಟು ತೊಳೆದು ಲೋಷನ್ ಹಚ್ಚಬಹುದಾ ಅಂತ ಮೇಡಂನ ಕೇಳು, ಉರಿ ಮುಖದವರಿಗೆ ಹಾಗೂ ಹೇಳುತ್ತಾರೆ. 5, 10 ಪರ್ಸೆಂಟ್ ತಂದರೆ ಬೇಗ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡ. 2.5 ಕೆಲಸದಲ್ಲಿ ಅದಕ್ಕೆ ಕಡಿಮೆಯೇನಿಲ್ಲ, ಉರಿ ಮಾತ್ರ ಕಡಿಮೆ. ಒಂದು ಎಚ್ಚರಿಕೆ, ಈ ಜೆಲ್ ಬಟ್ಟೆಯ ಬಣ್ಣ ತಿನ್ನುತ್ತದೆ. ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೋ. ಮದುವೆಗೆ ತಂದ ಹೊಸ ಶರ್ಟ್ ಕಾಲರ್‌ಗೆ ತಾಗಿಸಿಬಿಟ್ಟೀಯ.

ಅಡಾಪಲೀನ್ ಕೊಟ್ಟಾಗ ಮೊದಲ ಕೆಲವು ವಾರ ಮೊಡವೆ ಜಾಸ್ತಿಯಾದ ಹಾಗೆ ಕಾಣಬಹುದು, ಮುಖ ಪಕಳೆ ಏಳಬಹುದು. ಗುಣ ಕಾಣಲು 8ರಿಂದ 12 ವಾರ ಬೇಕು. ಮೇ ತಿಂಗಳಿಗೆ ಮುಖ ಪೂರ್ತಿ ನುಣುಪಾಗುತ್ತದೆ ಅಂತ ನಾನು ಹೇಳಲ್ಲ. ಕೀವಿನ ಗುಳ್ಳೆ, ಕೆಂಪು ಕಡಿಮೆಯಾಗಿರುತ್ತದೆ. ಕಲೆ ಇರುತ್ತದೆ, ಇರಲಿ. ಹೆಣ್ಣಿನ ಅಣ್ಣನ ಮುಖ ಯಾರು ಅಷ್ಟು ನೋಡುತ್ತಾರೆ, ಅಡುಗೆಯವರ ಜೊತೆ ಓಡಾಡಿಕೊಂಡಿರುತ್ತೀಯ.

ಬ್ಲೀಚ್, ಫೇಶಿಯಲ್ ಎರಡೂ ಬೇಡ. ಗಡ್ಡಕ್ಕೆ ಬ್ಲೇಡ್ ಬದಲು ಟ್ರಿಮ್ಮರ್. ಮದುವೆ ದಿನ ಶೇವ್ ಬೇಕೇ ಬೇಕು ಅಂದರೆ ಬಿಸಿನೀರಲ್ಲಿ ನೆನೆಸಿ, ಕೂದಲು ಬೆಳೆಯುವ ದಿಕ್ಕಿಗೇ ಒಂದೇ ಸಲ ಎಳೆಯಲಿ, ಎದುರು ಎಳೆಯುವುದು ಬೇಡ. ಹೊಸ ಬ್ಲೇಡ್ ನಿನ್ನ ಕಣ್ಣೆದುರೇ ಹಾಕಲಿ. ಪಟಿಕ ಬೇಡ ಅಂತ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳು, ಆಮೇಲೆ ಹೇಳಿದರೆ ಅವರ ಕೈ ಆಗಲೇ ಉಜ್ಜಿರುತ್ತದೆ.

ರೂಮ್‌ಮೇಟ್ ಕಥೆ ಏನಾಯ್ತು?

ಪೀಣ್ಯ_ಆಪರೇಟರ್:

ಅವನು ಇನ್ನೂ ಹಚ್ಚುತ್ತಿದ್ದಾನೆ ಅಕ್ಕ. ನನ್ನ ಮೊದಲ ವಾರದ ಮುಖ ನೋಡಿ ಹೆದರಿದ್ದಾನೆ, ನಿಲ್ಲಿಸಿದರೆ ನನಗೂ ಹಾಗಾಗುತ್ತೆ ಅಂತಾನೆ. ತುರಿಕೆ ಈಗ ಸೊಂಟದವರೆಗೆ ಬಂದಿದೆ. ಕರೆದರೆ, ನಾನು ಕಾಂಟ್ರಾಕ್ಟ್, ನನಗೆ ಇಎಸ್‌ಐ ಇಲ್ಲ ಅಂತಾನೆ.

ತುಮಕೂರು_ಮೆಡಿಕಲ್:

ಕಾಂಟ್ರಾಕ್ಟ್ ಆದರೂ ಇಎಸ್‌ಐ ಬರುತ್ತದೆ, ಯಾರು ಹೇಳಿದ್ದು ಇಲ್ಲ ಅಂತ? ಅವನ ಪೇ ಸ್ಲಿಪ್ ನೋಡು. ಹಿಡಿದಿದ್ದರೆ ಇನ್ಶೂರೆನ್ಸ್ ನಂಬರ್ ಇದ್ದೇ ಇರುತ್ತದೆ, ಕಾಂಟ್ರಾಕ್ಟರ್ ಹತ್ತಿರ ಕೇಳಿ ತಗೊಳ್ಳಲಿ. ನಂಬರ್ ಬರುವವರೆಗೆ ಕಾಯುವುದು ಬೇಡ. ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆ ಇದೆ, ಸರ್ಕಾರಿ, ಬೆಳಿಗ್ಗೆ ಹೋಗಿ ಒಪಿಡಿ ಚೀಟಿ ಮಾಡಿಸಿದರೆ ಆಯ್ತು. ನೀನೂ ಜೊತೆಗೆ ಹೋಗು, ಒಬ್ಬನೇ ಹೋಗಲು ನಾಚಿಕೆಪಡುತ್ತಾನೆ. ಹುಳುಕಡ್ಡಿ ಇರುವವನ ಟವೆಲ್, ಹಾಸಿಗೆ ಬಟ್ಟೆ ನೀನು ಬಳಸಬೇಡ. ಬಟ್ಟೆ ಬೇರೆ ಬೇರೆ ಒಗೆಯಿರಿ, ಬಿಸಿಲಲ್ಲಿ ಒಣಗಿಸಿ. ನಿನಗೂ ತುರಿಕೆ ಶುರುವಾಗಿದ್ದರೆ ಈಗಲೇ ಹೇಳು.